ಬಿದ್ದದ್ದನ್ನು ಎಣಿಸುತ್ತಿದ್ದವರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಓದಬೇಕು ಎನ್ನುವವರು ಇದನ್ನು ಇಲ್ಲಿಗೇ ಮಡಚಿಡಬಹುದು. ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಹಳೆಯ ಕಚೇರಿಯವರ ವಾಟ್ಸ್ಯಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ಅಪ್ರತಿಮ ತಂತ್ರಜ್ಞ’ ಎಂದು ಒಬ್ಬರು ಬರೆದರು. ಸರಿ, ಒಪ್ಪಿದೆ. ‘ಬೆಣ್ಣೆಯಂಥ ಮನಸ್ಸು’ ಎಂದು ಇನ್ನೊಬ್ಬ ಬರೆದ. ಹಾಗೆ ಬರೆದ ಲೈನ್‌ಮನ್‌ನ ಬೆನ್ನಿಗೆ ಅವರು ಒಮ್ಮೆ ಕೇಬಲ್ಲಿನ ಸುರುಳಿಯಿಂದ ಬಾರಿಸಿದ್ದನ್ನು ನಾನು ಕಣ್ಣಾರೆ ಕಂಡವಳು. ಅಂಗಿ ಎತ್ತಿದರೆ ಬಾಸುಂಡೆ ಬಳೆಯ ಹಾಗೆ ದುಂಡಗೆ ಎದ್ದಿತ್ತು. ಅವನು ಮರೆತಿದ್ದರೆ ಅದು ಅವನ ದೊಡ್ಡತನ. ನನಗೆ ಅಷ್ಟು ದೊಡ್ಡತನ ಇಲ್ಲ.

ಹೆಸರು ಬರೆಯುವುದಿಲ್ಲ. ಮಗಳಿದ್ದಾಳೆ, ಅವಳ ಬದುಕು ಇನ್ನೂ ಮುಂದಿದೆ. ನಾನು ಅವರ ಹತ್ತಿರ ಏಳು ವರ್ಷ ಕೆಲಸ ಕಲಿತೆ. ಇವತ್ತು ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರು ಹೇಳಿಕೊಟ್ಟದ್ದು. ಈ ಎರಡು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ.

ಶಿರಸಿ ಬಸ್ ನಿಲ್ದಾಣದ ಹತ್ತಿರ ಒಂದು ಪಂಕ್ಚರ್ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಇಂಟರ್ನೆಟ್ ಕಚೇರಿ. ಗುಡ್ಡಗಳ ಮೇಲೆ ಸಣ್ಣ ಸಣ್ಣ ಟವರು ನಿಲ್ಲಿಸಿ, ಅತ್ತ ಹೆಗಡೆಕಟ್ಟಾ, ಇತ್ತ ಕಾನಸೂರು, ದೂರದಲ್ಲಿ ಮಾಗೋಡಿನವರೆಗೆ ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದೆವು. ಇಷ್ಟೂ ಊರುಗಳ ಸಂಚಾರವೆಲ್ಲ ನಮ್ಮ ಒಳಕೋಣೆಯ ಒಂದೇ ಒಂದು ಹಳೆಯ ಕಂಪ್ಯೂಟರಿನ ಮೂಲಕ ಹಾಯಬೇಕಿತ್ತು. ಅದಕ್ಕೆ ನಾವು ‘ಡಬ್ಬಿ’ ಎನ್ನುತ್ತಿದ್ದೆವು. ಡಬ್ಬಿಯನ್ನು ನೋಡಿಕೊಳ್ಳುವವರು ಅವರು. ಫೋನು, ದೂರು, ಬಿಲ್ಲು ನನ್ನ ಪಾಲಿಗೆ. ನಾನು ಯಲ್ಲಾಪುರದ ಕಡೆಯ ಗದ್ದೆ ಮನೆಯವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಮದುವೆಯಾಗಿ ಶಿರಸಿಗೆ ಬಂದವಳು. ಮೊದಲ ದಿನವೇ ಅವರು ಮಾನಿಟರ್ ಒಂದನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆದರು. ಅದು ಪಂಕ್ಚರ್ ಅಂಗಡಿಯ ತಗಡಿನ ಮೇಲೆ ಬಿದ್ದ ಸದ್ದಿಗೆ ಬಸ್ ನಿಲ್ದಾಣದವರೆಗೆ ಜನ ತಿರುಗಿ ನೋಡಿದರು. ಅಂಗಡಿಯಾತ ಮಾತ್ರ ತಲೆ ಎತ್ತಲಿಲ್ಲ. ಅವನಿಗೆ ಅಭ್ಯಾಸವಾಗಿತ್ತು.

ಕೀಬೋರ್ಡುಗಳಂತೂ ಲೆಕ್ಕಕ್ಕಿಲ್ಲ. ಮೊಣಕಾಲಿಗೆ ಕೊಟ್ಟು ಕಬ್ಬು ಮುರಿದ ಹಾಗೆ ಮುರಿಯುತ್ತಿದ್ದರು. ಆಮೇಲೆ ನೆಲದ ಮೇಲೆ ಕೂತು ಚೆಲ್ಲಿದ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಕ್ಕೆ ತುಂಬುತ್ತಿದ್ದರು. ಒಮ್ಮೆ ಕಾನಸೂರು ಗುಡ್ಡದ ಮೇಲೆ ಸರಿಯಾಗಿ ತಿರುಗದ ಆಂಟೆನಾವನ್ನು ಕಲ್ಲಿನಿಂದ ಜಜ್ಜಿ ಜಜ್ಜಿ ತಟ್ಟೆಯ ಹಾಗೆ ಚಪ್ಪಟೆ ಮಾಡಿದರು. ಕೈಯಿಂದ ರಕ್ತ ಇಳಿಯುತ್ತಿತ್ತು, ಅವರಿಗೆ ಅದರ ಖಬರೇ ಇರಲಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಅವರ ಅಪ್ಪನೂ ಹೀಗೇ ಇದ್ದರಂತೆ ಎಂದು ಯಾರೋ ಹೇಳಿದರು. ಅವರ ತಮ್ಮನೂ ಅದೇ ಅಪ್ಪನ ಮಗ, ಇರುವೆ ತುಳಿಯದ ಮನುಷ್ಯ. ಹಾಗಾಗಿ ಆ ವಿವರಣೆಯನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮ ಕಚೇರಿಯ ಬಾಗಿಲಿಗೆ ಒಂದು ಕರೆಗಂಟೆ ಇತ್ತು. ಒಂದು ದಿನ ಅದು ಸತತವಾಗಿ ಬಡಿದುಕೊಂಡಿತು. ಅವರು ಇಕ್ಕಳ ಹಿಡಿದು ಹೊರಗೆ ಹೋದರು, ಗಂಟೆಯನ್ನು ತಂತಿಯ ಸಮೇತ ಗೋಡೆಯಿಂದ ಕಿತ್ತರು. ಅಂಗೈಯಗಲ ಗಾರೆಯೂ ಜೊತೆಗೆ ಬಂತು. ಆಮೇಲೆ ಹೊರಗಡೆ ಒಂದು ಬೆಂಚು ಹಾಕಿಸಿ, ರಟ್ಟಿನ ಮೇಲೆ ಬರೆದು ತೂಗುಹಾಕಿದರು: ‘ಗಂಟೆ ಇಲ್ಲ. ಕೂತಿರಿ. ನಾವೇ ಬಂದು ನೋಡುತ್ತೇವೆ.’ ಆವತ್ತಿನಿಂದ ಅದೇ ಪದ್ಧತಿಯಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಅವರೇ ಎದ್ದು ಹೋಗಿ, ಬೆಂಚಿನ ಮೇಲೆ ಕೂತವರನ್ನು ಒಟ್ಟಿಗೆ ವಿಚಾರಿಸಿ, ಒಂದು ಸಲಕ್ಕೆ ಆರೇ ಮಂದಿ ಎಂದು ಲೆಕ್ಕ ಇಟ್ಟು, ಉಳಿದವರನ್ನು ಮುಂದಿನ ಸುತ್ತಿಗೆ ಬಿಟ್ಟು ವಾಪಸ್ ಬರುತ್ತಿದ್ದರು. ಮೊದಮೊದಲು ಊರವರು ನಕ್ಕರು. ಆಮೇಲೆ ನೋಡಿದರೆ ಎಲ್ಲರ ಕೆಲಸವೂ ಮೊದಲಿಗಿಂತ ಬೇಗ ಆಗುತ್ತಿತ್ತು.

ಒಬ್ಬ ಮಾತ್ರ ಕೇಳಲಿಲ್ಲ. ಹಾವೇರಿ ಕಡೆಯಿಂದ ಬಂದು ಇಲ್ಲಿ ಅಡಿಕೆ ಖರೀದಿ ಮಾಡುವ ವ್ಯಾಪಾರಿ. “ಏನ್ರಿ ಇದು, ಮುಚ್ಚಿ ಹೋಗೀರೇನ್ರಿ? ಬರ್ರಿ ಹೊರಗ!” ಎಂದು ಬಾಗಿಲು ಗುದ್ದತೊಡಗಿದ. ಇವರು ಹೊರಗೆ ಹೋದರು. ಅವನ ಅಂಗಿಯ ಕಾಲರ್ ಹಿಡಿದು, ಹದಿನಾಲ್ಕು ಮೆಟ್ಟಿಲನ್ನೂ ದರದರ ಎಳೆದುಕೊಂಡು ಇಳಿದು, ರಸ್ತೆಯ ಮೇಲೆ ಬಿಟ್ಟು ಬಂದರು. ಅವನ ಹಲ್ಲೊಂದು ಮುರಿದಿತ್ತು. ಪೊಲೀಸ್ ಠಾಣೆಯವರೆಗೆ ಹೋಗಿ ಅದು ಹೇಗೋ ರಾಜಿಯಾಯಿತು.

ಆ ಬೆಂಚಿನ ಪದ್ಧತಿಯನ್ನೇ ಅವರು ಡಬ್ಬಿಯೊಳಗೆ ತರಲು ಹೊರಟದ್ದು. ಅದನ್ನು ಹೇಳದೆ ಅವರನ್ನು ಹೇಳಲು ಬರುವುದಿಲ್ಲ.

ಮಾರುಕಟ್ಟೆಯ ಅಂಗಳದಲ್ಲಿ ಅಡಿಕೆಗೆ ದರ ಹಾಕುವ ಟೆಂಡರು ಕಂಪ್ಯೂಟರಿಗೆ ಬಂದ ಕಾಲ ಅದು. ಮಧ್ಯಾಹ್ನ ಮೂರಕ್ಕೆ ಮುಕ್ತಾಯ. ನಮ್ಮ ವ್ಯಾಪಾರಿಗಳ ಚಾಳಿ ಏನೆಂದರೆ, ಕೊನೆಯ ನಿಮಿಷದವರೆಗೂ ಯಾರೂ ದರ ಹಾಕುವುದಿಲ್ಲ. ಮೊದಲೇ ಹಾಕಿದರೆ ಪಕ್ಕದವನು ಕಂಡುಹಿಡಿದು ಎರಡು ರೂಪಾಯಿ ಮೇಲೆ ಹಾಕಿಯಾನು ಎಂಬ ಭಯ. ಎರಡೂ ಐವತ್ತೊಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುವುದು. ಅದೇ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಬೆಳೆಗಾರರು ತಮ್ಮ ರಾಶಿಗೆ ಏನು ದರ ಬಂತು ಎಂದು ನೋಡಲು ಮೊಬೈಲ್ ತಿಕ್ಕುವುದು. ಡಬ್ಬಿ ಅಲ್ಲಿಗೆ ಸ್ತಬ್ಧ. ನನ್ನ ಮೇಜಿನ ಮೂರೂ ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ನಾನು ಕೇಳದ ಬೈಗುಳ ಈ ಸೀಮೆಯಲ್ಲಿ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ದೊಡ್ಡ ಯಂತ್ರ ತರಿಸಿ ಎನ್ನುತ್ತಿದ್ದರು. ಇವರು ಕರ್ನೆಲ್ಲಿನ ಒಳಗೆ ಇಳಿದರು. ಯಂತ್ರದ ಎಲ್ಲ ಕೆಲಸವನ್ನೂ ಹಂಚುವ, ಎಲ್ಲದಕ್ಕಿಂತ ತಳದ ಪ್ರೋಗ್ರಾಮು ಅದು. ಸಮಾಧಾನದಲ್ಲಿದ್ದಾಗ ನನ್ನ ಹತ್ತಿರ ಅವರು ಎಲ್ಲರ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಮನೆಮಾತು ಬರುತ್ತಿತ್ತು, ‘ನಾನು’ ಹೋಗಿ ‘ಆನು’ ಆಗುತ್ತಿತ್ತು. “ನೋಡು ತಂಗಿ,” ಎಂದು ಕರೆದು ತೋರಿಸಿದರು. “ಈ ನೆಟ್‌ವರ್ಕ್ ಕಾರ್ಡಿಗೆ ಹೊರಗಿಂದ ಒಂದೊಂದು ಪ್ಯಾಕೆಟ್, ಅಂದ್ರೆ ಮಾಹಿತಿಯ ಒಂದೊಂದು ತುಣುಕು, ಬಂದಾಗ್ಲೂ ಅದು ಗಂಟೆ ಬಾರಿಸ್ತದೆ. ಯಂತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗ್ತದೆ. ಕೂತ್ಕೊಳ್ಳೋದ್ರೊಳಗೆ ಇನ್ನೊಂದು ಗಂಟೆ. ಮೂರು ಗಂಟೆ ಹೊತ್ತಿಗೆ ಅದು ಎಂತ ಕೆಲಸನೂ ಮಾಡ್ತಾ ಇಲ್ಲ, ಬರೀ ಎದ್ದು ಎದ್ದು ಹೋಗ್ತಾ ಇದೆ.” ಅದು ಅಗ್ಗದ ಕಾರ್ಡು, ಅದನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರು, ತಯಾರಿಸಿದವರೇ ಕೊಟ್ಟದ್ದು. ಅದರ ಸ್ವೀಕರಿಸುವ ಭಾಗವನ್ನೇ ಕಿತ್ತು ಹೊಸದಾಗಿ ಬರೆಯುವುದು ಅವರ ಹಟ. ಮೊದಲ ಪ್ಯಾಕೆಟ್ಟಿಗೆ ಒಂದು ಗಂಟೆ. ಕೂಡಲೇ ಗಂಟೆ ಬಂದ್. ಆಮೇಲೆ ಯಂತ್ರ ತಾನೇ ಹೋಗಿ ನೋಡಬೇಕು, ಒಂದು ಸಲಕ್ಕೆ ಅರವತ್ತನಾಲ್ಕರಷ್ಟು ಎತ್ತಬೇಕು, ಬೇರೆ ಕೆಲಸಕ್ಕೂ ಜಾಗ ಬಿಡಬೇಕು. ಬೆಂಚು ಖಾಲಿಯಾದ ಮೇಲೇ ಗಂಟೆ ಪುನಃ ಚಾಲೂ.

ಈ ಕೆಲಸ ಶುರುವಾದ ತಿಂಗಳಲ್ಲೇ ಅವರ ಹೆಂಡತಿ ಬಂದದ್ದು. ನಾನು ಅಕ್ಕ ಎನ್ನುತ್ತಿದ್ದೆ. ಎರಡನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಕಾನಸೂರಿನ ತವರಿಗೆ ಹೋಗಿ ಆಗಲೇ ಹದಿನೈದು ದಿನವಾಗಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅಕ್ಕ ಒಳಗೆ ಬರಲಿಲ್ಲ. ಬಿಲ್ ಕಟ್ಟಲು ಬಂದ ನಾಲ್ಕು ಜನರ ಜೊತೆ ಬೆಂಚಿನ ಮೇಲೆ ಕೂತರು. ಇವರು ತಮ್ಮ ಸುತ್ತಿಗೆ ಹೊರಗೆ ಹೋದಾಗ ಐದನೆಯವರಾಗಿ ಹೆಂಡತಿ ಕೂತಿದ್ದರು. ಕೆನ್ನೆಯ ಮೇಲೆ ಹಸಿರುಗಟ್ಟಿದ ಗುರುತು, ಸೆರಗಿನಿಂದ ಮುಚ್ಚಿಕೊಂಡಿರಲಿಲ್ಲ. ತಮ್ಮ ಸರದಿ ಬಂದಾಗ ಎಲ್ಲರ ಎದುರೇ, ಮನೆಮಾತಿನಲ್ಲಿ, ಒಂದು ವರ್ಷದ ಗಡುವು ಕೊಟ್ಟರು.

“ಒಂದ್ ವರ್ಷ ನೋಡ್ತೆ. ಮನುಷ್ಯರ ಮೇಲೆ ಇರ್ಲಿ, ಸಾಮಾನಿನ ಮೇಲೂ ಕೈ ಎತ್ತಲಾಗ. ಎತ್ತಿದ್ರೆ ಆನು ಬತ್ತಿಲ್ಲೆ, ಕೂಸೂ ಬತ್ತಿಲ್ಲೆ.”

ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. “ನೀ ದಿನಾ ಇಲ್ಲೇ ಇಪ್ಪವಳು. ಆನು ತಿಂಗ್ಳಿಗೊಂದ್ಸಲ ಫೋನ್ ಮಾಡ್ತೆ. ಇದ್ದದ್ದು ಇದ್ದಂಗೆ ಹೇಳು. ಎಂಗೆ ಬೇರೆ ಯಾರನ್ನೂ ನಂಬೂಲೆ ಆಗ್ತಿಲ್ಲೆ.”

ಇವರು ತಲೆ ತಗ್ಗಿಸಿ ನಿಂತಿದ್ದರು. ಬಿಲ್ ಕಟ್ಟಲು ಬಂದವನೊಬ್ಬ ಚಪ್ಪಲಿ ನೋಡುತ್ತಾ ಕೂತಿದ್ದ.

ಮರುದಿನ ಅವರು ನೂರು ಪುಟದ ಒಂದು ಪಟ್ಟಿ, ಶಾಲೆ ಮಕ್ಕಳ ನೋಟ್‌ಬುಕ್ಕು, ತಂದರು. ಸಿಟ್ಟು ಬಂದಾಗಲೆಲ್ಲ ಅದರಲ್ಲಿ ಒಂದು ಸಾಲು ಬರೆಯುವುದು, ಆಗಿಂದಾಗ ಏನೂ ಮಾಡುವುದಿಲ್ಲ. ಸಂಜೆ ನಾಲ್ಕಕ್ಕೆ ಕೂತು ಇಡೀ ದಿನದ್ದನ್ನು ಒಟ್ಟಿಗೆ ಓದುವುದು. ಇದನ್ನು ಡಬ್ಬಿಗೆ ಹೋಲಿಸಿ ಬರೆದರೆ ಚೆನ್ನಾಗಿ ಕಾಣುತ್ತದೆ ಎಂದು ನಾನು ಕಟ್ಟಿದ್ದಲ್ಲ, ಅವರೇ ಹಾಗೆ ಹೇಳಿಕೊಂಡರು. “ನಂಗೂ ಗಂಟೆ ಬಂದ್ ಮಾಡಿದ್ದೇನೆ ತಂಗಿ,” ಎಂದರು. ಮೊದಲ ವಾರ ದಿನಕ್ಕೆ ಹದಿನೇಳು, ಹದಿನೆಂಟು ಸಾಲು. ‘ಕಾಫಿ ತಣ್ಣಗಿತ್ತು.’ ‘ಲೈನ್‌ಮನ್ ಏಣಿ ಮರೆತು ಗುಡ್ಡ ಹತ್ತಿದ.’ ‘ಬ್ಯಾಂಕಿನವ ಕೂತ್ಕೊಳ್ಳಿ ಹೇಳಲಿಲ್ಲ.’ ನಾಲ್ಕು ಗಂಟೆಗೆ ಗಟ್ಟಿಯಾಗಿ ಓದಿ ಅವರೇ ನಕ್ಕುಬಿಡುತ್ತಿದ್ದರು. ಆ ನಗು ನೋಡಿ ನಾನು ನಿಜಕ್ಕೂ ಅವರನ್ನು ಇಷ್ಟಪಟ್ಟೆ. ಕೀಬೋರ್ಡು ಮುರಿಯುವುದು ನಿಂತಿತು. ಅಕ್ಕನ ಫೋನು ಬರುತ್ತಿತ್ತು. “ಎಂತಾದ್ರೂ ಆತ?” “ಇಲ್ಲ ಅಕ್ಕ.” ಸತ್ಯವನ್ನೇ ಹೇಳುತ್ತಿದ್ದೆ.

ನನಗೆ ಪಾಠ ಹೇಳಿಕೊಟ್ಟದ್ದು ಆ ವರ್ಷವೇ. ಸ್ವೀಕರಿಸಲು ಆಗದೆ ಯಂತ್ರ ಕೈಬಿಟ್ಟ ಪ್ಯಾಕೆಟ್ಟಿಗೆ ಅವರು ‘ಬಿದ್ದದ್ದು’ ಎನ್ನುತ್ತಿದ್ದರು. ಎಷ್ಟು ಬಿತ್ತು ಎಂಬ ಲೆಕ್ಕವನ್ನು ಕರ್ನೆಲ್ ತಾನೇ ಇಟ್ಟುಕೊಂಡಿರುತ್ತದೆ. ನಾನು ದಿನಾ ಮೂರೂ ಐದಕ್ಕೆ ಆ ಸಂಖ್ಯೆ ಓದಿ ಗೋಡೆಯ ಮೇಲೆ ಬರೆಯಬೇಕು. “ಬೀಳೋದು ತಪ್ಪಲ್ಲ. ಬಿದ್ದದ್ದನ್ನ ಎಣಿಸದೆ ಇದ್ರೆ ಮಾತ್ರ ನಿನ್ನ ಕೈ ಮುರೀತೇನೆ,” ಎಂದಿದ್ದರು. ತಮಾಷೆಗೇ ಹೇಳಿದ್ದು, ನಾನೂ ನಕ್ಕಿದ್ದೆ. ಸಂಖ್ಯೆ ವಾರವಾರಕ್ಕೆ ಇಳಿಯುತ್ತಾ ಬಂತು. ಡಬ್ಬಿಯಲ್ಲಿ ನಾಲ್ಕು ಕೋರುಗಳಿದ್ದವು, ಒಂದೇ ಯಂತ್ರಕ್ಕೆ ನಾಲ್ಕು ಮಿದುಳಿದ್ದ ಹಾಗೆ. ಮೊದಲು ಎಲ್ಲ ಪ್ಯಾಕೆಟ್ಟುಗಳೂ ಒಂದೇ ಕೋರಿನ ತಲೆಗೆ ಬೀಳುತ್ತಿದ್ದವು. ಯಾವ ವಿಳಾಸದಿಂದ ಬಂತು ಎಂದು ನೋಡಿ ನಾಲ್ಕಕ್ಕೂ ಹಂಚುವ ಲೆಕ್ಕವನ್ನು ಅವರೇ ಬರೆದರು.

ಒಂದು ವಿಷಯಕ್ಕೆ ಮಾತ್ರ ತಿಂಗಳುಗಟ್ಟಲೆ ಒದ್ದಾಡಿದರು. ಯಲ್ಲಾಪುರದ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ವೈರಸ್ ಹೊಕ್ಕು, ಸೆಕೆಂಡಿಗೆ ಸಾವಿರಾರು ಕೆಲಸಕ್ಕೆ ಬಾರದ ಪ್ಯಾಕೆಟ್ ಕಳಿಸುತ್ತಿತ್ತು. ಡಬ್ಬಿ ಅವನ್ನೆಲ್ಲ ಒಂದೊಂದಾಗಿ ಒಳಗೆ ತೆಗೆದುಕೊಂಡು, ಜಾಗ ಕೊಟ್ಟು, ಬಿಚ್ಚಿ ನೋಡಿ, ಕೊನೆಗೆ ಬೇಡ ಎಂದು ಎಸೆಯುತ್ತಿತ್ತು. ಅಷ್ಟರಲ್ಲಿ ಬೇಕಾದವು ಹೊರಗೇ ಬಿದ್ದಿರುತ್ತಿದ್ದವು. ಕಾರ್ಡಿನ ಬಾಗಿಲಲ್ಲೇ ನಿಂತು ಬೇಡದ್ದನ್ನು ಅಲ್ಲೇ ಬೀಳಿಸಿದರೆ ಎಲ್ಲವೂ ಹಗುರ. ಅದು ಅವರ ಬುದ್ಧಿಗೆ ಹೊಳೆದಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಬಂದದ್ದನ್ನು ನೋಡದೆ ಬೀಳಿಸುವುದು ಅವರಿಗೆ ಮೈಗೆ ಮುಳ್ಳು. ಕೊನೆಗೆ ಒಂದು ದಿನ ತಾವೇ ಹೇಳಿದರು: “ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಬಾಳೆ ಇಟ್ಟು, ಆಮೇಲೆ ಊಟ ಇಲ್ಲ ಹೇಳೋ ಬದ್ಲು ಅಂಗಳದಲ್ಲೇ ಹೇಳಿ ಕಳಿಸೋದು ಮರ್ಯಾದೆ.” ಆವತ್ತೇ ಅದನ್ನು ಬರೆದು ಮುಗಿಸಿದರು.

ನಾನು ಸಲಿಗೆಯಿಂದ ಆ ಪಟ್ಟಿಯ ಕಡೆ ಬೆರಳು ತೋರಿಸಿ, “ಸರ್, ಇದಕ್ಕೂ ಹಂಗೇ ಮಾಡಿ. ಓದಿ ಆದ್ಮೇಲೆ ಹರಿದು ಬಿಸಾಡಿ. ಬರೀಲೇಬೇಡಿ ಬೇಕಾದ್ರೆ,” ಎಂದೆ. ಅವರು ಪಟ್ಟಿಯನ್ನು ಎಳೆದು ಎದೆಗೆ ಹಿಡಿದುಕೊಂಡರು. ಆಗಲೇ ಮೂರನೆಯ ಪಟ್ಟಿ ಅದು. ಒಂದು ಹಾಳೆಯೂ ಹರಿದಿರಲಿಲ್ಲ. “ಇದ್ರಲ್ಲಿ ಒಂದೂ ಬೀಳೂಲಾಗ,” ಎಂದರು. ಅದು ಮನೆಮಾತು, ಒಂದೂ ಬೀಳಬಾರದು ಎಂದು. ನಾನು ಅಲ್ಲಿಗೇ ಗಮನಿಸಬೇಕಿತ್ತು.

ಹೊಸ ಡ್ರೈವರಿನಿಂದ ಟೆಂಡರಿನ ಹೊತ್ತು ಸಲೀಸಾಯಿತು. ಆದರೂ ಎರಡು ಮೂರು ವಾರಕ್ಕೊಮ್ಮೆ, ಮಾರುಕಟ್ಟೆಗೆ ಅಡಿಕೆಯ ಆವಕ ಹೆಚ್ಚಿದ್ದ ದಿನ, ಕೊನೆಯ ನಿಮಿಷದಲ್ಲಿ ಡಬ್ಬಿ ಪುನಃ ಕುಸಿಯುತ್ತಿತ್ತು. ಮೂರು ಕೋರು ಸುಮ್ಮನೆ ಕೂತಿರುವಾಗ ಒಂದೇ ಒಂದು ಉಸಿರುಗಟ್ಟಿ ಸಾಯುತ್ತಿತ್ತು. ಯಾಕೆಂದು ತಿಳಿಯಲು ಅವರು ಕರ್ನೆಲ್ಲಿನೊಳಗೆ ಒಂದು ಬಲೆ ಕಟ್ಟಿದರು. ಕುಸಿದ ಗಳಿಗೆಯಲ್ಲಿ ಯಾವ ಪ್ಯಾಕೆಟ್ ಎಲ್ಲಿಗೆ ಹೋಯಿತು ಎಂಬುದೆಲ್ಲ ಯಂತ್ರದ ನೆನಪಿನಲ್ಲಿ ಉಳಿಯುವಂತೆ. ನೆನಪಿನಲ್ಲಿ ಮಾತ್ರ. ಕರೆಂಟು ತೆಗೆದರೆ ಅಳಿಸಿಹೋಗುತ್ತದೆ. ಬಲೆ ಕಟ್ಟಿದ ಮೇಲೆ ಡಬ್ಬಿ ಹಟ ಹಿಡಿದ ಹಾಗೆ ನಾಲ್ಕು ತಿಂಗಳು ಒಮ್ಮೆಯೂ ಕುಸಿಯಲಿಲ್ಲ. ಅವರು ಕಾಯುತ್ತಿದ್ದರು.

ಅಕ್ಕ ಕೊಟ್ಟ ವರ್ಷ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದರು, ಬರುವುದು ತಡವಾಗಿತ್ತು. ಎರಡೂ ಐವತ್ತೆಂಟಕ್ಕೆ ಡಬ್ಬಿ ಕುಸಿಯಿತು. ಮೂರು ಫೋನು. ಮಾರುಕಟ್ಟೆಯಿಂದ ಒಬ್ಬ, “ಈಗ ಸರಿ ಮಾಡದಿದ್ರೆ ಕಚೇರಿಗೆ ಬಂದು ಬೆಂಕಿ ಹಚ್ತೇವೆ,” ಎಂದ. ಇನ್ನೊಬ್ಬ ಬೈಗುಳದಲ್ಲಿ ನನ್ನ ತಾಯಿಯನ್ನು ಎಳೆದು ತಂದ. ನನ್ನ ತಲೆ ಓಡಲಿಲ್ಲ. ಈ ಊರಿನಲ್ಲಿ ಪಂಪ್‌ಸೆಟ್ಟಿಗೂ ಟಿವಿಗೂ ನಾವು ಮಾಡುವುದು ಒಂದೇ, ಆಫ್ ಮಾಡಿ ಆನ್ ಮಾಡುವುದು. ಅದನ್ನೇ ಮಾಡಿದೆ. ಡಬ್ಬಿ ಎದ್ದು ಕೂತಿತು. ಫೋನುಗಳು ನಿಂತವು. ನಾನು ಏನೋ ದೊಡ್ಡದು ಸಾಧಿಸಿದವಳಂತೆ ಡಬ್ಬಿ ಇಟ್ಟ ಕಬ್ಬಿಣದ ಕಪಾಟಿನ ಚೌಕಟ್ಟಿಗೆ ಎಡಗೈ ಊರಿ ನಿಂತಿದ್ದೆ.

ಅವರು ಬಂದರು. ಪರದೆಯ ಮೇಲೆ ನೋಡಿದರು. ಯಂತ್ರ ಎದ್ದು ಮೂರು ನಿಮಿಷ ಆಗಿದೆ ಎಂದು ಅದರಲ್ಲಿ ಬರೆದಿತ್ತು.

“ಯಾರು ಹೇಳ್ದ ನಿಂಗೆ ಆಫ್ ಮಾಡು ಹೇಳಿ? ನಾಕ್ ತಿಂಗ್ಳು ಕಾದಿದ್ದೆ ಆನು! ನಾಕ್ ತಿಂಗ್ಳು!”

ಕಪಾಟಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಬಡಿದರು. ನನ್ನ ಕೈ ಅಲ್ಲಿತ್ತು. ಕಂಡಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಎರಡನೆಯ ಸಲವೂ ಬಡಿದರು. ಒಣ ಕಟ್ಟಿಗೆ ಮುರಿದಂಥ ಸದ್ದು ಎರಡನೆಯದಕ್ಕೆ ಬಂದದ್ದು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಅವರು ಮೂರು ಪಟ್ಟಿಗಳನ್ನೂ ಎತ್ತಿ ಗೋಡೆಗೆ ಎಸೆದರು, ಮಾನಿಟರಿಗೆ ಒದ್ದರು, ಹನ್ನೊಂದು ತಿಂಗಳಲ್ಲಿ ಯಾರು ಯಾರು ಏನೇನು ಮಾಡಿದ್ದರೋ ಒಂದೊಂದನ್ನೂ ಹೆಸರು ಹಿಡಿದು ಕೂಗಿದರು. ಕಾಫಿ, ಏಣಿ, ಬ್ಯಾಂಕಿನವನು. ಒಂದೂ ಬಿಟ್ಟುಹೋಗಿರಲಿಲ್ಲ.

ಆಮೇಲೆ ನನ್ನ ಕೈ ನೋಡಿದರು. ಎರಡು ಬೆರಳು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಅವರೇ ಆಟೋ ಕರೆದು ದೇವಿಕೆರೆ ಹತ್ತಿರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಕೇಳುವ ಮೊದಲೇ ನಾನು “ಬಾಗಿಲಿಗೆ ಸಿಕ್ಕಿತು,” ಎಂದೆ. ಹೊರಗೆ ಬಂದಾಗ ಅವರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಅಷ್ಟು ದೊಡ್ಡ ಗಂಡಸು ಬಾಯಿಬಿಟ್ಟು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ‘ಹೇಳಬೇಡ’ ಎಂದು ಅವರು ಕೇಳಲಿಲ್ಲ. ಅದನ್ನು ಅವರ ಪರವಾಗಿ ಹೇಳಲೇಬೇಕು. ಒಂದು ಸಲವೂ ಕೇಳಲಿಲ್ಲ. ಮರುದಿನದಿಂದ ಹೊಸ ಬಟ್ಟೆಯೊಂದನ್ನು, ಮಗಳ ಅಳತೆಯದ್ದು, ತಂದು ಮೇಜಿನ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು, ಅಷ್ಟೆ.

ಒಂಬತ್ತನೆಯ ದಿನ ಅಕ್ಕನ ಫೋನು. ಬಲಗೈಯಲ್ಲಿ ಎತ್ತಿದೆ, ಎಡಗೈಗೆ ಪ್ಲಾಸ್ಟರಿತ್ತು.

“ವರ್ಷ ಆತು ತಂಗಿ. ಎಂತಾದ್ರೂ ಆತ?”

“ಇಲ್ಲ ಅಕ್ಕ.”

“ನಿಜ?”

“ನಿಜ.”

ಅವರು ಫೋನಿನಲ್ಲೇ ಅತ್ತರು. ಸಂತೋಷಕ್ಕೆ ಅತ್ತದ್ದು. ಮುಂದಿನ ಸೋಮವಾರ ಮಗಳನ್ನು ಕರೆದುಕೊಂಡು ಬಂದರು.

ಯಾಕೆ ಹಾಗೆ ಹೇಳಿದೆ ಎಂದು ಈ ವರ್ಷಗಳಲ್ಲಿ ನನಗೆ ನಾನೇ ಬಗೆಬಗೆಯಾಗಿ ಹೇಳಿಕೊಂಡಿದ್ದೇನೆ. ತಪ್ಪು ಮೊದಲು ನಾನೇ ಮಾಡಿದ್ದು ಎಂದುಕೊಂಡೆ. ಗುರುಗಳು ಎಂದುಕೊಂಡೆ. ಹನ್ನೊಂದು ತಿಂಗಳು ಕಷ್ಟಪಟ್ಟ ಮನುಷ್ಯನನ್ನು ಒಂದು ಗಳಿಗೆಗಾಗಿ ಬಲಿ ಕೊಡಬಾರದು ಎಂದುಕೊಂಡೆ. ಇವೆಲ್ಲ ಸುಳ್ಳಲ್ಲ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಈಗ ಬರೆಯುತ್ತೇನೆ. ಹೆಂಡತಿ ಬರದಿದ್ದರೆ ಈ ಮನುಷ್ಯನ ಎದುರು ದಿನಕ್ಕೆ ಎಂಟು ಗಂಟೆ ಕೂರಬೇಕಾದವಳು ನಾನು. ಅವರ ಸಿಟ್ಟು ನನ್ನನ್ನು ಬಿಟ್ಟು ಬೇರೆಲ್ಲಾದರೂ ಹೋಗಲಿ ಎಂದು ನಾನು ಬಯಸಿದೆ. ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಡಬ್ಬಿಯ ದೋಷವನ್ನು ಅವರು ಯಾವ ಸಾಕ್ಷಿಯೂ ಇಲ್ಲದೆ ಮುಂದಿನ ತಿಂಗಳು ಕಂಡುಹಿಡಿದರು. ಟೆಂಡರಿನ ಹೊತ್ತಿಗೆ ಮಾರುಕಟ್ಟೆಗೇ ಹೋಗಿ ನಿಂತರು. ನಲವತ್ತು ವ್ಯಾಪಾರಿಗಳು ಒಂದೇ ಹಾಲಿನಲ್ಲಿ, ಒಂದೇ ತಂತಿಯ ಕೆಳಗೆ ಕೂತಿದ್ದರು. ವಿಳಾಸ ನೋಡಿ ಹಂಚುವ ಅವರ ಲೆಕ್ಕಕ್ಕೆ ಅಷ್ಟೂ ಜನ ಒಂದೇ ಮನೆಯವರಾಗಿ ಕಂಡು, ಎಲ್ಲರ ಪ್ಯಾಕೆಟ್ಟೂ ಒಂದೇ ಕೋರಿಗೆ ಹೋಗುತ್ತಿತ್ತು. ಒಬ್ಬೊಬ್ಬರ ಸಂಪರ್ಕಕ್ಕೂ ಇರುವ ಬೇರೆ ಸಂಖ್ಯೆಯನ್ನೂ ಲೆಕ್ಕಕ್ಕೆ ಸೇರಿಸಿದರು, ಆರು ಸಾಲು ಬದಲಾಯಿಸಿದ್ದು. ಆಮೇಲೆ ಡಬ್ಬಿ ಎಂದೂ ಕುಸಿಯಲಿಲ್ಲ. ಆವತ್ತು ಎಲ್ಲರಿಗೂ ನಮ್ಮ ಕಡೆಯ ಸಿಹಿ ತೊಡದೇವು ತಂದು ಹಂಚಿದರು. “ಮಾರುಕಟ್ಟೇಲಿ ಯಾರಿಗೂ ಏನೂ ಗೊತ್ತಾಗ್ಲಿಲ್ಲ ನೋಡು. ಗೊತ್ತಾಗದೆ ಇರೋದೇ ನಮ್ಮ ಕೆಲಸ,” ಎಂದರು.

ಹೆಂಡತಿ ಬಂದ ಮೇಲೆ ಕಚೇರಿಯಲ್ಲಿ ಅವರು ಬೇರೆಯೇ ಮನುಷ್ಯ. ಪಟ್ಟಿ ಇಲ್ಲ, ಕೂಗಾಟ ಇಲ್ಲ, ಒಂದು ಕೀಬೋರ್ಡು ವರ್ಷಗಟ್ಟಲೆ ಬಾಳಿತು. ಲೈನ್‌ಮನ್ ಕಂಡದ್ದು ಆ ಬೆಣ್ಣೆಯನ್ನೇ ಇರಬೇಕು. ನನ್ನ ಸುಳ್ಳು ಫಲಿಸಿತು ಎಂದು ನಾನೂ ನಂಬಿದೆ. ಅಕ್ಕ ಮಾತ್ರ ಕಚೇರಿಯ ಕಡೆ ಬರಲಿಲ್ಲ. ವರ್ಷಕ್ಕೊಮ್ಮೆ ಹಲಸಿನ ಹಪ್ಪಳ ಕಳಿಸುತ್ತಿದ್ದರು. ಆಮೇಲೆ ನನ್ನ ಗಂಡನಿಗೆ ವರ್ಗವಾಗಿ ನಾವು ಯಲ್ಲಾಪುರಕ್ಕೆ ಹೋದೆವು ಎನ್ನುವುದಕ್ಕಿಂತ, ನಾನೇ ಹಟ ಹಿಡಿದು ವರ್ಗ ಮಾಡಿಸಿದೆ ಎನ್ನುವುದು ಸರಿ.

ಹೋದ ತಿಂಗಳು, ಫೋನಿನಲ್ಲಿ ಯಾರನ್ನೋ ಬೈಯುತ್ತಿರುವಾಗಲೇ ತಲೆಯೊಳಗೆ ನರ ಒಡೆದು ಅವರು ಹೋದರು. ಹದಿಮೂರು ದಿನ ಕಳೆದ ಮೇಲೆ ನಾನು ಮಾತಾಡಿಸಿಕೊಂಡು ಬರಲು ಹೋದೆ. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಚಹಾ ತಂದುಕೊಟ್ಟು ಒಳಗೆ ಹೋದಳು. ಅಕ್ಕ ಕಿಟಕಿಯ ಹತ್ತಿರ ಕೂತಿದ್ದರು. ನಾನು ಅವರ ಎಡಗಡೆ ಕೂತು, ಲೋಟ ಹಿಡಿದುಕೊಂಡು, ಹನ್ನೊಂದು ವರ್ಷ ಹೇಳದೇ ಇಟ್ಟುಕೊಂಡದ್ದನ್ನು ತಗ್ಗಿದ ದನಿಯಲ್ಲಿ ಹೇಳಿದೆ. ಆವತ್ತು ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದೆ. ಅದಕ್ಕೂ ಒಂಬತ್ತು ದಿನ ಮೊದಲು ನನ್ನ ಕೈ ಮುರಿದಿದ್ದರು ಎಂದೆ. ಅಕ್ಕನ ಮುಖ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ತುಟಿ ಅಲುಗುವುದನ್ನು ಕಂಡು ತಿರುಗಿದರು.

“ಆ ಬದಿಂದ ಹೇಳಿದ್ರೆ ಕೇಳ್ತಿಲ್ಲೆ ತಂಗಿ. ಈ ಬದಿಗೆ ಬಾ.”

“ಕಿವಿಗೆ ಎಂತ ಆಯ್ತು ಅಕ್ಕ?”

“ಅವ್ರು ಹೊಡ್ದ ಕಿವಿ ಅದು. ಆನು ವಾಪಸ್ ಬಂದ ವರ್ಷವೇ ಹೋತು.” ಹಾಲು ಮುಗಿದಿದೆ ಎಂದು ಹೇಳುವ ದನಿ. “ಎಂತ ಹೇಳ್ತಾ ಇದ್ದಿದ್ದೆ?”

ನಾನು ಎದ್ದು ಅವರ ಬಲಗಡೆಗೆ ಹೋಗಿ ಕೂತೆ. ಮೊದಲಿನಿಂದ ಹೇಳಿದೆ, ಗಟ್ಟಿಯಾಗಿ. ಒಳಗಿದ್ದ ಮಗಳಿಗೂ ಕೇಳಿಸಿರಬೇಕು.

ಅಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಯಲ್ಲಾಪುರದ ಕೊನೆಯ ಬಸ್ಸಿನ ಹೊತ್ತಿನವರೆಗೂ ಕೂತಿದ್ದೆ. ಅವರು ಹೊರಗೆ ಬರಲಿಲ್ಲ.